ಲಾರೆಲ್–ಹಾರ್ಡಿಯ ಹಿಂದಿದ್ದ ನಿರ್ದೇಶಕ

ಪ್ರಶ್ನೆ: ಹಾಸ್ಯನಟರಾದ ಲಾರೆಲ್ ಮತ್ತು ಹಾರ್ಡಿಯವರನ್ನು ಜೋಡಿಯಾಗಿ ಬೆಳೆಸಿದವರಲ್ಲಿ ಲಿಯೋ ಮೆಕ್ಯಾರಿ ಪ್ರಮುಖರೆಂದು ಓದಿದೆ. ಹಳೆಯ ಹಾಲಿವುಡ್ ನಿರ್ದೇಶಕರೆಂದರೆ ಫೋರ್ಡ್, ಹಿಚ್‌ಕಾಕ್ ಎನ್ನುವವರು ಇವರ ಹೆಸರನ್ನೇಕೆ ಎತ್ತುವುದಿಲ್ಲ? ಇವರ ಯಾವ ಚಿತ್ರವನ್ನು ಮೊದಲು ನೋಡಬೇಕು?
– ನಿವೃತ್ತ ಶಿಕ್ಷಕರು, ಶಿರಾ ಗೇಟ್, ತುಮಕೂರು

ಉತ್ತರ: ತಮ್ಮ ಕಾಲದಲ್ಲಿ ಮೆಕ್ಯಾರಿ ಅಜ್ಞಾತರೇನಲ್ಲ, ನಿರ್ದೇಶನಕ್ಕೆಂದೇ ಎರಡು ಬಾರಿ ಆಸ್ಕರ್ ಪಡೆದವರು. ಆದರೆ ಹಿಚ್‌ಕಾಕ್ ಅವರ ಗುರುತು ಕ್ಯಾಮೆರಾದ ಚಲನೆಯಲ್ಲೇ ಸಿಕ್ಕಿಬಿಡುತ್ತದೆ, ಮೆಕ್ಯಾರಿಯವರದು ಹಾಗಲ್ಲ. ಸೆಟ್ಟಿನಲ್ಲಿ ಪಿಯಾನೋ ನುಡಿಸುತ್ತಾ ಯೋಚಿಸಿ, ಬರೆದಿಟ್ಟ ಸಂಭಾಷಣೆಯನ್ನು ಬದಿಗಿರಿಸಿ, ನಟರಿಂದಲೇ ಮಾತು ಹೊರಡಿಸುತ್ತಿದ್ದ ಅವರ ಶ್ರಮವೆಲ್ಲ ನಟರ ಮುಖದಲ್ಲಿ ಕರಗಿಹೋಗುತ್ತದೆ. ನಾವು ನಟರನ್ನು ಹೊಗಳಿ ಎದ್ದುಬಿಡುತ್ತೇವೆ. ಅವರ ಹೆಸರು ಹಿಂದೆ ಬೀಳಲು ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

1937ರ ‘ಮೇಕ್ ವೇ ಫಾರ್ ಟುಮಾರೋ’ ಚಿತ್ರದಿಂದ ಆರಂಭಿಸಿ. ಮನೆ ಬ್ಯಾಂಕಿನ ಪಾಲಾಗುತ್ತದೆ. ವೃದ್ಧ ದಂಪತಿಯನ್ನು ಒಟ್ಟಿಗೆ ಇಟ್ಟುಕೊಳ್ಳಲು ಐವರು ಮಕ್ಕಳಲ್ಲಿ ಯಾರೂ ಮುಂದೆ ಬಾರದೆ, ತಾಯಿ ಮಗನ ಮನೆಗೂ ತಂದೆ ಮಗಳ ಮನೆಗೂ ಹಂಚಿಹೋಗುತ್ತಾರೆ. ಸೊಸೆ ಮನೆಯಲ್ಲೇ ಇಸ್ಪೀಟಿನ ಬ್ರಿಜ್ ಆಟ ಕಲಿಸಿ ನಾಲ್ಕು ಕಾಸು ಸಂಪಾದಿಸುವವಳು. ಆಟದ ನಡುವೆ ಅತ್ತೆಯ ತೂಗುಕುರ್ಚಿ ಕಿರ್ರೆನ್ನುತ್ತದೆ, ಬಂದವರಿಗೆ ಮುಜುಗರ. ಅಷ್ಟರಲ್ಲಿ ಅತ್ತೆಗೆ ದೂರದ ಊರಿನಿಂದ ಗಂಡನ ಫೋನು ಬರುತ್ತದೆ. ಆಕೆ ಇಡೀ ಕೋಣೆಗೆ ಕೇಳುವಂತೆ ಗಟ್ಟಿಯಾಗಿ ಮಾತಾಡುತ್ತಾರೆ. ಮೊದಲು ಕಿರಿಕಿರಿಗೊಂಡವರು ಬರಬರುತ್ತಾ ಆಟ ಮರೆತು ಮೌನವಾಗುತ್ತಾರೆ. ಕಳೆದ ವರ್ಷ ಎಸ್.ಎಸ್. ಪುರಂನ ಗೆಳೆಯರ ಮನೆಯಲ್ಲಿ ಆರೇಳು ಮಂದಿ ಕುಳಿತು ಇದನ್ನು ನೋಡುತ್ತಿದ್ದಾಗ, ಕಾಫಿ ಲೋಟ ಒಳಗಿಡಲೆಂದು ಎದ್ದ ಮನೆಯಾಕೆ ಆ ದೃಶ್ಯ ಮುಗಿಯುವವರೆಗೂ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ತಾಯಿಯ ಪಾತ್ರ ಮಾಡಿದ ಬ್ಯೂಲಾ ಬಾಂಡಿಯವರಿಗೆ ಆಗಿನ್ನೂ ಐವತ್ತು ತುಂಬಿರಲಿಲ್ಲ ಎಂದರೆ ನಂಬುವುದು ಕಷ್ಟ. ಸೊಸೆಯನ್ನು ಕೆಟ್ಟವಳಾಗಿ ತೋರಿಸುವುದು ಸುಲಭವಿತ್ತು. ಮೆಕ್ಯಾರಿ ಆ ದಾರಿ ಹಿಡಿಯಲಿಲ್ಲ, ಅವಳ ಇಕ್ಕಟ್ಟೂ ನಮಗೆ ಅಷ್ಟೇ ಅರ್ಥವಾಗುತ್ತದೆ.

ತಾವು ಶಿಕ್ಷಕರಾದ್ದರಿಂದ ನಿರ್ದೇಶಕ ಪಂತುಲು ಅವರ 1958ರ ಕನ್ನಡ ಚಿತ್ರ ‘ಸ್ಕೂಲ್ ಮಾಸ್ಟರ್’ ನೆನಪಾಗದೆ ಇರದು. ಅಲ್ಲಿ ಮಕ್ಕಳು ಕೈಬಿಟ್ಟ ಮೇಷ್ಟರನ್ನು ಹಳೆಯ ಶಿಷ್ಯನೊಬ್ಬ ಕೈಹಿಡಿಯುತ್ತಾನೆ, ಇಲ್ಲಿ ಯಾರೂ ಬರುವುದಿಲ್ಲ. ಸುಖಾಂತ್ಯ ಬೇಕೆಂದು ಪ್ಯಾರಾಮೌಂಟ್ ಸ್ಟುಡಿಯೋ ಒತ್ತಾಯಿಸಿದರೂ ಮೆಕ್ಯಾರಿ ಒಪ್ಪಲಿಲ್ಲ. ಚಿತ್ರ ಸೋತಿತು, ಅವರು ಆ ಸ್ಟುಡಿಯೋದಿಂದ ಹೊರಬಿದ್ದರು. ಅದೇ ವರ್ಷದ ‘ದಿ ಆಫುಲ್ ಟ್ರೂತ್’ ಎಂಬ ಹಾಸ್ಯಚಿತ್ರಕ್ಕೆ ಆಸ್ಕರ್ ಬಂದಾಗ, ಪ್ರಶಸ್ತಿ ತಪ್ಪು ಚಿತ್ರಕ್ಕೆ ಸಂದಿದೆ ಎಂದರಂತೆ. ಎರಡನ್ನೂ ಇದೇ ಕ್ರಮದಲ್ಲಿ ನೋಡಿ. ಮೊದಲನೆಯದರ ರೈಲು ನಿಲ್ದಾಣದ ದೃಶ್ಯವನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ.