ಬೀಜದಲ್ಲೇ ಇರುವ ಕಿಣ್ವ

ಪ್ರಶ್ನೆ: ಬ್ರೊಕೊಲಿ ಬೀಜದಿಂದ ಸಲ್ಫೊರಾಫೇನ್ (ಆರೋಗ್ಯಕ್ಕೆ ಒಳ್ಳೆಯದೆನ್ನುವ ಗಂಧಕಯುಕ್ತ ವಸ್ತು) ತೆಗೆಯುವುದು ನಮ್ಮ ಎಂ.ಎಸ್ಸಿ. ಪ್ರಾಜೆಕ್ಟ್. ಬೀಜದ ಪುಡಿಯನ್ನು ಕುದಿಯುವ ನೀರಿಗೆ ಹಾಕಿ ಸೋಸಿದೆವು, ಏನೂ ಸಿಗಲಿಲ್ಲ. ಸೆಲ್ಯುಲೇಸ್ ಕಿಣ್ವ ತರಿಸಬೇಕೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬೇಡ, ದುಡ್ಡು ದಂಡ. ಸೆಲ್ಯುಲೇಸ್ ಕೋಶಭಿತ್ತಿಯನ್ನು ಕರಗಿಸೀತೇ ಹೊರತು ಸಲ್ಫೊರಾಫೇನ್ ತಯಾರಿಸದು. ಬೀಜದಲ್ಲಿರುವುದು ಅದರ ಮೂಲವಸ್ತು ಗ್ಲುಕೊರಾಫನಿನ್. ಅದನ್ನು ಒಡೆದು ಸಲ್ಫೊರಾಫೇನ್ ಮಾಡುವ ಮೈರೋಸಿನೇಸ್ ಕಿಣ್ವ ಕೂಡ ಅದೇ ಬೀಜದಲ್ಲಿ, ಬೇರೆ ಕೋಶಗಳಲ್ಲಿದೆ. ಪುಡಿಗೆ ನೀರು ತಾಗಿದಾಗ ಎರಡೂ ಕೂಡುತ್ತವೆ. ನಿಮ್ಮ ಕುದಿನೀರು ಕಿಣ್ವವನ್ನೇ ಕೆಡಿಸಿತು.

10 ಗ್ರಾಂ ಪುಡಿಯನ್ನು 50 ಮಿ.ಲೀ. ಹೆಕ್ಸೇನ್‌ನಲ್ಲಿ ಎರಡು ಸಲ ಕಲಕಿ ಎಣ್ಣೆ ತೆಗೆಯಿರಿ. ಫ್ಯೂಮ್ ಹುಡ್‌ನಲ್ಲೇ, ಬಿಸಿ ಮಾಡದೆ ಒಣಗಿಸಿ. ಪಿಎಚ್ 7ರ ಫಾಸ್ಫೇಟ್ ಬಫರ್ 100 ಮಿ.ಲೀ. ಸೇರಿಸಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮುಚ್ಚಿಟ್ಟು ಎರಡು ಗಂಟೆ ಕಲಕಿಸಿ. ಸುಮಾರು 18 ಮಿ.ಗ್ರಾಂ ಆಸ್ಕಾರ್ಬಿಕ್ ಆಮ್ಲ ಕಿಣ್ವವನ್ನು ಚುರುಕುಗೊಳಿಸುತ್ತದೆ, ಅತಿಯಾದರೆ ತಡೆಯುತ್ತದೆ. ಬಳಿಕ ಈಥೈಲ್ ಅಸಿಟೇಟ್ 100 ಮಿ.ಲೀ.ನಂತೆ ಎರಡು ಸಲ ಬೆರೆಸಿ ಬೇರ್ಪಡಿಸಿ, ನಿರ್ಜಲ ಸೋಡಿಯಂ ಸಲ್ಫೇಟ್‌ನಿಂದ ತೇವ ತೆಗೆದು, ರೋಟರಿ ಎವಾಪೊರೇಟರ್‌ನಲ್ಲಿ 40 ಡಿಗ್ರಿ ಮೀರದಂತೆ ಇಂಗಿಸಿ. ಎಣ್ಣೆ ಉಳಿದಿದ್ದರೆ ಪದರಗಳು ಬೇರೆಯಾಗದೆ ನೊರೆಗಟ್ಟುತ್ತವೆ; ಸ್ವಲ್ಪ ಉಪ್ಪು ಹಾಕಿ ನೋಡಿ.

ಇಷ್ಟಾದರೂ ಇಳುವರಿ ಕಡಿಮೆಯೆಂದರೆ ಸಲ್ಫೊರಾಫೇನ್ ಬದಲು ನೈಟ್ರೈಲ್ ಎಂಬ ಬೇರೆ ವಸ್ತು ಆಗಿರಬಹುದು. ಆಮ್ಲೀಯ ಮಾಧ್ಯಮ, ಕಬ್ಬಿಣದ ಅಂಶ ಮತ್ತು ಬ್ರೊಕೊಲಿಯದೇ ಒಂದು ಪ್ರೋಟೀನು ಕ್ರಿಯೆಯನ್ನು ಆ ಕಡೆ ತಿರುಗಿಸುತ್ತವೆ. ತಾಜಾ ಬ್ರೊಕೊಲಿಯನ್ನು 60 ಡಿಗ್ರಿಯಲ್ಲಿ 5–10 ನಿಮಿಷ ಇಟ್ಟರೆ ಈ ಪ್ರೋಟೀನು ಸೋಲುತ್ತದೆ, ಮೈರೋಸಿನೇಸ್ ಸಾಕಷ್ಟು ಉಳಿಯುತ್ತದೆ. ಇಡೀ ಬೀಜವನ್ನು ಹಾಗೆ ಬಿಸಿನೀರಲ್ಲಿಟ್ಟು ಅರೆದ ಒಂದು ಮಾದರಿಯನ್ನೂ ಹೋಲಿಸಿ. ಬಣ್ಣ ಬಳಿದ ಬಿತ್ತನೆ ಬೀಜ ಬಳಸಬೇಡಿ. ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಸಿಕ್ಕ ಸಾರವನ್ನು ಯಾರೂ ರುಚಿ ನೋಡುವಂತಿಲ್ಲ!

ಪ್ರಶ್ನೆ: ಬೆಂದ ಬ್ರೊಕೊಲಿಗೆ ಸಾಸಿವೆ ಪುಡಿ ಉದುರಿಸಿದರೆ ಒಳ್ಳೆಯದಂತೆ. ಸಾಸಿವೆ ಒಗ್ಗರಣೆ ಸಾಲದೆ?
– ಗೃಹಿಣಿ, ಸಾಗರ

ಉತ್ತರ: ಸಾಲದು. ಕಾದ ಎಣ್ಣೆಯಲ್ಲಿ ಚಟಪಟ ಸಿಡಿದ ಸಾಸಿವೆಯ ಕಿಣ್ವ ಸತ್ತಿರುತ್ತದೆ. ಚೆನ್ನಾಗಿ ಬೇಯಿಸಿದ ಬ್ರೊಕೊಲಿಯದೂ ಅಷ್ಟೆ, ಆದರೆ ಅದರಲ್ಲಿ ಗ್ಲುಕೊರಾಫನಿನ್ ಒಂದಿಷ್ಟು ಉಳಿದಿರುತ್ತದೆ. ಹಸಿ ಸಾಸಿವೆಯ ಪುಡಿ ಕಿಣ್ವ ಒದಗಿಸಿ ಅದನ್ನು ಒಡೆದು ಸಲ್ಫೊರಾಫೇನ್ ಮಾಡುತ್ತದೆ. ಕೈ ತಾಳುವಷ್ಟು ಆರಿದ ಮೇಲೆ ಒಂದು ಬಟ್ಟಲಿಗೆ ಅರ್ಧ ಚಮಚ ಬೆರೆಸಿ, ಹತ್ತು ನಿಮಿಷ ಬಿಟ್ಟು ಬಡಿಸಿ, ಮತ್ತೆ ಒಲೆಗಿಡಬೇಡಿ. ಬೇಯಿಸಿದ ನೀರನ್ನೂ ಚೆಲ್ಲಬೇಡಿ, ಗ್ಲುಕೊರಾಫನಿನ್ ಅದರಲ್ಲಿ ಕರಗಿರುತ್ತದೆ. ನಿಮ್ಮ ಮಲೆನಾಡಿನ ‘ಸಾಸಿವೆ’ ಎಂಬ ಅಡುಗೆಗೆ ಸಾಸಿವೆ ಕಾಳನ್ನು ಕಾಯಿಯೊಂದಿಗೆ ಹಸಿಯಾಗಿ ಅರೆಯುತ್ತೀರಲ್ಲ, ಆ ಮೂಗಿಗೇರುವ ಘಾಟು ಇದೇ ಕಿಣ್ವದ ಕೆಲಸ. ಹುರಿದು ಪುಡಿ ಮಾಡಿದ ಸಾಸಿವೆಯಲ್ಲಿ ಆ ಘಾಟು ಬರುವುದಿಲ್ಲ, ಇಲ್ಲಿ ಅದರಿಂದ ಪ್ರಯೋಜನವೂ ಇಲ್ಲ.