ಡ್ರಮ್ ಸ್ಮೋಕರ್‌ನ ಜಿಡ್ಡು: ಎಷ್ಟು ಉಳಿಸಬೇಕು, ಎಷ್ಟು ತೆಗೆಯಬೇಕು?

ಪ್ರಶ್ನೆ: ನಾವು ಕೊಡಗಿನವರು, ಈಗ ಟೆಕ್ಸಾಸ್‌ನ ಆಸ್ಟಿನ್ ಬಳಿ ನೆಲೆಸಿದ್ದೇವೆ. ಎರಡು ವರ್ಷಗಳ ಹಿಂದೆ 55 ಗ್ಯಾಲನ್‌ನ ಹೊಸ ಉಕ್ಕಿನ ಡ್ರಮ್ ತಂದು, ತಳದ ಬಳಿ ಗಾಳಿಗೆ ರಂಧ್ರ ಕೊರೆದು, ಮನೆಯಲ್ಲೇ ಸ್ಮೋಕರ್ (ಕೆಂಡದ ಹೊಗೆಯಲ್ಲಿ ಮಾಂಸ ನಿಧಾನವಾಗಿ ಬೇಯಿಸುವ ಒಲೆ) ಮಾಡಿಕೊಂಡೆ. ತಿಂಗಳಿಗೆ ಎರಡು ಸಲ ಹಂದಿಯ ಭುಜದ ಮಾಂಸವನ್ನೋ ಬ್ರಿಸ್ಕೆಟ್ಟನ್ನೋ (ದನದ ಎದೆಭಾಗದ ಮಾಂಸ) ಬೇಯಿಸುತ್ತೇನೆ. ಈಚೆಗೆ ಮುಚ್ಚಳದ ಒಳಮೈಯಿಂದ ಕಪ್ಪು ಚಕ್ಕೆಗಳು ಮಾಂಸದ ಮೇಲೆ ಉದುರುತ್ತಿವೆ. ತಳದಲ್ಲಿ ಬೂದಿ ಮತ್ತು ಕೊಬ್ಬು ಕಲಸಿಕೊಂಡು ಡಾಂಬರಿನಂತೆ ಅಂಟಿದೆ. ಕಳೆದ ವಾರ ಮುಚ್ಚಳ ತೆಗೆದಾಗ ಆಳೆತ್ತರ ಜ್ವಾಲೆ ಎದ್ದಿತು. ಡ್ರಮ್ಮನ್ನು ಸೋಪು ಹಾಕಿ ಪೂರ್ತಿ ತೊಳೆಯಬೇಕೆ? ಕೊಬ್ಬು ಕೆಂಡಕ್ಕೆ ಬೀಳದಂತೆ ನಡುವೆ ತಟ್ಟೆ ಇಟ್ಟರೆ ರುಚಿ ಕೆಡುತ್ತದೆಯೆ?

ಉತ್ತರ: ನೀವು ಮೂರು ಬೇರೆ ಬೇರೆ ತೊಂದರೆಗಳನ್ನು ಒಂದೇ ಜಿಡ್ಡಿನ ಲೆಕ್ಕಕ್ಕೆ ಸೇರಿಸಿದ್ದೀರಿ. ಅವುಗಳಲ್ಲಿ ನಿಜವಾಗಿ ಅಪಾಯಕಾರಿಯಾದದ್ದು ತಳದ ಅಂಟು. ಆದ್ದರಿಂದ ಮೊದಲು ಅದನ್ನೇ ನೋಡೋಣ.

ನಿಮ್ಮ ಸುತ್ತಮುತ್ತಲಿನ ಬಾರ್ಬೆಕ್ಯೂ ಅಂಗಡಿಗಳಲ್ಲಿ ಕಾಣುವ ಅಡ್ಡ ಮಲಗಿದ ದೊಡ್ಡ ಸ್ಮೋಕರ್‌ಗಳಲ್ಲಿ ಬೆಂಕಿಗೂಡು ಒಂದು ಪಕ್ಕಕ್ಕಿರುತ್ತದೆ. ಕರಗಿದ ಕೊಬ್ಬು ಇಳಿಜಾರಿನಲ್ಲಿ ಹರಿದು, ಕೊಳವೆಯ ಮೂಲಕ ಹೊರಗೆ ತೂಗುಹಾಕಿದ ಬಕೆಟ್ಟಿಗೆ ಬೀಳುತ್ತದೆ. ಡ್ರಮ್ಮಿನಲ್ಲಿ ಅಂಥ ದಾರಿಯೇ ಇಲ್ಲ. ಮಾಂಸದ ಜಾಲರಿಯಿಂದ ಸುಮಾರು 24 ಅಂಗುಲ ಕೆಳಗೆ, ನೇರವಾಗಿ, ಕೆಂಡದ ಬುಟ್ಟಿ ಇರುತ್ತದೆ. ಕೆಂಡದ ಮೇಲೆ ಬಿದ್ದ ಹನಿ ಆ ಕ್ಷಣವೇ ಹೊಗೆಯಾಗಿ ಮೇಲೇರುತ್ತದೆ, ಡ್ರಮ್ಮಿನ ಮಾಂಸಕ್ಕೆ ಅದರದೇ ಆದ ರುಚಿ ಬರುವುದು ಅದರಿಂದಲೇ. ಆದರೆ ಡ್ರಮ್ಮಿನ ಅಡ್ಡಳತೆ ಸುಮಾರು 22 ಅಂಗುಲವಿದ್ದು, ಬುಟ್ಟಿಯದು ಸಾಮಾನ್ಯವಾಗಿ 14ರಿಂದ 16 ಅಂಗುಲವಷ್ಟೇ ಇರುವುದರಿಂದ, ಜಾಲರಿಯ ಅಂಚಿನಲ್ಲಿಟ್ಟ ಮಾಂಸದ ಕೊಬ್ಬು ಬುಟ್ಟಿಯನ್ನು ತಪ್ಪಿಸಿಕೊಂಡು ತಳಕ್ಕೆ ಇಳಿಯುತ್ತದೆ. ಗೋಡೆಯ ಮೇಲೆ ಸಾಂದ್ರಗೊಂಡ ಜಿಡ್ಡೂ ಜಾರಿ ಅಲ್ಲಿಗೇ ಸೇರುತ್ತದೆ. ಬೂದಿ ಅದನ್ನು ಹೀರಿಕೊಂಡು ಎಣ್ಣೆ ಕುಡಿದ ಬತ್ತಿಯಂತಾಗಿ ಮುಂದಿನ ಅಡುಗೆಯ ಕೆಂಡಕ್ಕೆ ಕಾಯುತ್ತದೆ.

ನೀವು ಕಂಡ ಜ್ವಾಲೆಗೆ ಕಾರಣ ಇಲ್ಲಿದೆ. ಮುಚ್ಚಳ ಹಾಕಿದಾಗ ಒಳಗೆ ಆಮ್ಲಜನಕ ಕಡಿಮೆಯಿರುವುದರಿಂದ, ಕಾದ ಕೊಬ್ಬಿನ ಆವಿ ಉರಿಯದೆ ತುಂಬಿಕೊಂಡಿರುತ್ತದೆ; ಮುಚ್ಚಳ ಎತ್ತಿದ ಕೂಡಲೇ ಗಾಳಿ ನುಗ್ಗಿ ಅದು ಒಟ್ಟಿಗೆ ಹೊತ್ತಿಕೊಳ್ಳುತ್ತದೆ. ಇನ್ನು ಮುಂದೆ ಮುಚ್ಚಳವನ್ನು ಒಮ್ಮೆಲೇ ಎತ್ತಬೇಡಿ. ಮುಖವನ್ನು ದೂರವಿಟ್ಟು, ನಿಮ್ಮಿಂದ ಆಚೆಯ ಅಂಚನ್ನು ಒಂದೆರಡು ಅಂಗುಲ ಸರಿಸಿ, ಕೆಲವು ಕ್ಷಣ ಕಾದು ತೆಗೆಯಿರಿ. ಒಳಗೆ ಬೆಂಕಿ ಹೊತ್ತಿದ್ದರೆ ಮುಚ್ಚಳವನ್ನು ಹಾಕಿ, ಕೆಳಗಿನ ರಂಧ್ರಗಳನ್ನೂ ಮೇಲಿನ ಹೊಗೆದಾರಿಯನ್ನೂ ಮುಚ್ಚಿ, ಡ್ರಮ್ಮು ತಣ್ಣಗಾಗುವವರೆಗೆ ತೆರೆಯಬೇಡಿ. ಮಾಂಸ ಹೋದರೆ ಹೋಗಲಿ. ನೀರನ್ನಂತೂ ಎಂದಿಗೂ ಎರಚಬಾರದು. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,700 ಲೀಟರಿನಷ್ಟು ಹಿಗ್ಗುತ್ತದೆ, ಹಾಗೆ ಹಿಗ್ಗುವಾಗ ಉರಿಯುವ ಕೊಬ್ಬನ್ನು ಹನಿಹನಿಯಾಗಿ ಸುತ್ತಲೂ ಚಿಮ್ಮಿಸುತ್ತದೆ. ಡ್ರಮ್ಮು ಮರದ ಜಗಲಿಯ ಮೇಲೋ ಸೂರಿನಡಿಯೋ ಇದ್ದರೆ ಇಂದೇ ಅದನ್ನು ಮನೆಯಿಂದ ಕನಿಷ್ಠ 10 ಅಡಿ ಆಚೆಗೆ, ಕಲ್ಲಿನ ಅಥವಾ ಮಣ್ಣಿನ ನೆಲಕ್ಕೆ ಸ್ಥಳಾಂತರಿಸಿ.

ತಳದಲ್ಲಿ ಅಂಟು ಸೇರದಂತೆ ಮಾಡುವ ಉಪಾಯ ಸರಳವಾಗಿದೆ. ಬುಟ್ಟಿಯ ಅಡಿಗೆ, ಅದಕ್ಕಿಂತ ಅಗಲವಾದ, ಸುಮಾರು 20 ಅಂಗುಲದ ಉಕ್ಕಿನ ಬೂದಿತಟ್ಟೆಯೊಂದನ್ನು ಇಟ್ಟು, ಅದಕ್ಕೆ ದಪ್ಪ ಅಲ್ಯುಮಿನಿಯಂ ಹಾಳೆ ಹಾಸಿರಿ. ತಟ್ಟೆಯ ಅಂಚು ಗಾಳಿರಂಧ್ರಗಳ ಮಟ್ಟಕ್ಕಿಂತ ಕೆಳಗಿರಬೇಕು, ಇಲ್ಲವಾದರೆ ಬೆಂಕಿಗೆ ಉಸಿರು ಸಾಲದೆ ಕಪ್ಪು ಹೊಗೆ ಬರುತ್ತದೆ. ಪ್ರತಿ ಅಡುಗೆಯ ಮರುದಿನ ಹಾಳೆಯನ್ನು ಬೂದಿಸಮೇತ ಮಡಚಿ ತೆಗೆದರೆ ಕೆಲಸ ಮುಗಿಯಿತು. ಸತುವಿನ ಲೇಪವಿರುವ ತಗಡಿನ ತಟ್ಟೆಯನ್ನು ಮಾತ್ರ ಬಳಸಬೇಡಿ. ಕೆಂಡದ ಸಮೀಪದ ಶಾಖಕ್ಕೆ ಆ ಲೇಪ ಹಾಳಾಗುತ್ತದೆ, ಅದರ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು. ಮಾಂಸ ಏರಿಸುವ ಮೊದಲೇ ಮೇಲ್ಪದರದ ಕೊಬ್ಬನ್ನು ಕಾಲು ಅಂಗುಲದಷ್ಟು ಮಾತ್ರ ಉಳಿಸಿ ಕೊಯ್ದು ತೆಗೆದರೆ ಕೆಳಗೆ ಬೀಳುವುದೇ ಎಷ್ಟೋ ಕಡಿಮೆಯಾಗುತ್ತದೆ.

ಇನ್ನು ಮುಚ್ಚಳದ ಚಕ್ಕೆಗಳು. ಬಣ್ಣ ಕಿತ್ತುಬರುತ್ತಿದೆಯೆಂದು ಹಲವರು ಗಾಬರಿಯಾಗುತ್ತಾರೆ. ಒಳಮೈಗೆ ಬಣ್ಣವಾಗಲಿ ಲೇಪವಾಗಲಿ ಇಲ್ಲದ ಡ್ರಮ್ಮಾಗಿದ್ದರೆ ಅದು ಹೊಗೆಯ ಟಾರು ಮತ್ತು ಜಿಡ್ಡು ಪದರಪದರವಾಗಿ ಕೂತು, ಒಣಗಿ, ಕರಕಲಾದದ್ದು. ಸೌದೆ ಒಲೆಯ ಅಡುಗೆಮನೆಯ ಅಟ್ಟದಿಂದ ಜೋತಾಡುವ ಇಲ್ಲಣವನ್ನು ನೀವು ಊರಿನಲ್ಲಿ ನೋಡಿರುತ್ತೀರಿ. ಇದೂ ಅದೇ ಕುಲದ್ದು, ಕೊಬ್ಬು ಸೇರಿದ್ದರಿಂದ ಗಟ್ಟಿಯಾಗಿದೆ ಅಷ್ಟೆ. ಆದರೆ ಅದು ಇಷ್ಟು ಬೇಗ ಕಟ್ಟಿಕೊಂಡಿದೆಯೆಂದರೆ ನಿಮ್ಮ ಬೆಂಕಿ ಉಸಿರುಗಟ್ಟಿ ಹೊಗೆಯಾಡುತ್ತಿದೆ ಎಂಬ ಅನುಮಾನ ನನಗಿದೆ. ಮೇಲಿನ ಹೊಗೆದಾರಿಯನ್ನು ಯಾವಾಗಲೂ ಪೂರ್ತಿ ತೆರೆದಿಟ್ಟು, ಶಾಖವನ್ನು ಕೆಳಗಿನ ರಂಧ್ರಗಳಿಂದಲೇ ಹಿಡಿತದಲ್ಲಿಡಿ. ಚೆನ್ನಾಗಿ ಒಣಗಿದ ಕಟ್ಟಿಗೆಯನ್ನೇ ಬಳಸಿ. ಬಿಳಿಯ ದಟ್ಟ ಹೊಗೆ ಕಳೆದು ತೆಳು ನೀಲಿಗೆ ತಿರುಗಿದ ಮೇಲಷ್ಟೇ ಮಾಂಸ ಇಡಿ.

ಸೋಪು ಹಾಕಿ ಪೂರ್ತಿ ತೊಳೆಯುವುದು ಬೇಡ. ಪಳಗಿದ ದೋಸೆ ಕಾವಲಿಯನ್ನು ನಾವು ಸೋಪಿನಿಂದ ಉಜ್ಜುವುದಿಲ್ಲ. ಎಣ್ಣೆ ಕಾದು ಗಟ್ಟಿಯಾದ ಆ ತೆಳುಪದರ ಕಬ್ಬಿಣವನ್ನು ತುಕ್ಕಿನಿಂದ ಕಾಯುತ್ತದೆಂದು ನಮಗೆ ಗೊತ್ತು. ಡ್ರಮ್ಮಿನ ಗೋಡೆಗೂ ಅಂಥದೇ ಪದರ ಬೇಕು. ಬೆರಳಿಟ್ಟರೆ ಒಣಗಿದ್ದು, ನುಣುಪಾಗಿ, ಕಪ್ಪಗೆ ಹೊಳೆಯುತ್ತಿದ್ದರೆ ಅದನ್ನು ಬಿಡಿ. ಬೆರಳಿಗೆ ಅಂಟಿದರೆ, ಉಗುರಿಗೆ ಎದ್ದುಬಂದರೆ ಅಥವಾ ಕಮಟು ವಾಸನೆ ಹೊಡೆದರೆ ಅದನ್ನು ಕೆರೆದು ತೆಗೆಯಬೇಕು. ಗೋಡೆಗೆ ಪುಟ್ಟಿ ಹಚ್ಚುವ ಅಗಲ ಅಲಗು ಈ ಕೆಲಸಕ್ಕೆ ಸಾಕು. ಕೆಂಡ ಪೂರ್ತಿ ಆರಿ, ಡ್ರಮ್ಮು ಕೈ ತಾಳುವಷ್ಟು ಬೆಚ್ಚಗಿರುವಾಗ ಮುಚ್ಚಳದಿಂದ ಆರಂಭಿಸಿ ಕೆಳಗಿಳಿಯುತ್ತಾ ಕೆರೆಯಿರಿ, ಆಗ ಜಿಡ್ಡು ಮೃದುವಾಗಿರುತ್ತದೆ. ಜಾಲರಿಯೊಂದನ್ನು ಮಾತ್ರ ಬಿಸಿನೀರು ಸೋಪಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರಿ. ಅದಕ್ಕೆ ತಂತಿಯ ಬ್ರಷ್ ಬಳಸಬೇಡಿ: ಮುರಿದ ತಂತಿಯೆಳೆ ಆಹಾರದೊಂದಿಗೆ ಹೊಟ್ಟೆ ಸೇರಿ ಗಾಯ ಮಾಡಿದ ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ 2012ರಲ್ಲಿ ವರದಿ ಮಾಡಿದೆ.

ಖಾಲಿ ಡ್ರಮ್ಮಿನಲ್ಲಿ ಜೋರು ಬೆಂಕಿ ಹಾಕಿ ಜಿಡ್ಡನ್ನೆಲ್ಲ ಸುಟ್ಟುಬಿಡಿ ಎಂಬ ಸಲಹೆಯನ್ನೂ ನೀವು ಕೇಳಿರಬಹುದು. ಅಂಟು ದಪ್ಪವಾಗಿರುವಾಗ ಹಾಗೆ ಮಾಡುವುದೆಂದರೆ ನೀವು ಹೆದರಿದ ಜ್ವಾಲೆಯನ್ನು ಕೈಯಾರೆ ಕರೆದಂತೆ. ಮೊದಲು ತಳವನ್ನು ಖಾಲಿ ಮಾಡಿ, ಗೋಡೆಯನ್ನು ಕೆರೆದು, ಆಮೇಲೆ ಸುಮಾರು 350 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮುಕ್ಕಾಲು ಗಂಟೆ ಮಾಂಸವಿಲ್ಲದೆ ಕಾಯಿಸಿದರೆ ಉಳಿದ ತೆಳುಪದರ ಗಟ್ಟಿಯಾಗುತ್ತದೆ.

ಕೊಬ್ಬು ಹಿಡಿಯಲು ನಡುವೆ ಇಡುವ ತಟ್ಟೆಯ ಪ್ರಶ್ನೆಗೆ ನನ್ನ ಉತ್ತರ ಮಾಂಸವನ್ನು ಅವಲಂಬಿಸಿದೆ. ಕೋಳಿಗೆ, ಪಕ್ಕೆಲುಬಿಗೆ ತಟ್ಟೆ ಬೇಡ. ಬೀಳುವ ಕೊಬ್ಬು ಹಿತಮಿತವಾಗಿರುತ್ತದೆ, ಅದು ಕೆಂಡಕ್ಕೆ ಬಿದ್ದಾಗಿನ ಪರಿಮಳವನ್ನು ಕಳೆದುಕೊಳ್ಳಬಾರದು. ಹತ್ತು ಹನ್ನೆರಡು ಗಂಟೆ ಬೇಯುವ ಹಂದಿಯ ಭುಜಕ್ಕೂ ಬ್ರಿಸ್ಕೆಟ್ಟಿಗೂ ತಟ್ಟೆ ಇಡುವುದೇ ಸರಿ. ರುಚಿ ಸ್ವಲ್ಪ ಸೌಮ್ಯವಾಗುತ್ತದೆ, ಕೆಡುವುದಿಲ್ಲ. ಜಾಲರಿಗೂ ಕೆಂಡಕ್ಕೂ ನಡುವೆ, ಸುತ್ತಲೂ ಎರಡು ಮೂರು ಅಂಗುಲ ಗಾಳಿಗೆ ಬಿಟ್ಟು, 16 ಅಂಗುಲದ ತಟ್ಟೆಯನ್ನಿಟ್ಟು ಅದಕ್ಕೆ ಬಿಸಿನೀರು ತುಂಬಿ. ನೀರಿರುವವರೆಗೂ ತಟ್ಟೆಯ ಕೊಬ್ಬು 212 ಡಿಗ್ರಿ ಫ್ಯಾರನ್‌ಹೀಟ್ ದಾಟುವುದಿಲ್ಲ. ನೀರು ಇಂಗಿದರೆ ಉಳಿಯುವುದು ಕೆಂಡದ ಮೇಲೆ ಕಾಯುತ್ತಿರುವ ಬಾಣಲೆಯಷ್ಟು ಕೊಬ್ಬು. ಆದ್ದರಿಂದ ನೀರು ಅರ್ಧಕ್ಕಿಳಿಯುವ ಮುನ್ನವೇ ಮತ್ತೆ ತುಂಬಿಸಿ. ಆದರೆ ನೀರು ಬತ್ತಿ ಕೊಬ್ಬು ಹೊಗೆಯಾಡುತ್ತಿದ್ದರೆ ಅದಕ್ಕೆ ನೀರು ಹೊಯ್ಯಬಾರದು. ರಂಧ್ರಗಳನ್ನು ಮುಚ್ಚಿ ತಣಿಯಲು ಬಿಡಿ.

ತಟ್ಟೆಯಲ್ಲಿ ಹೆಪ್ಪುಗಟ್ಟಿದ ಕೊಬ್ಬನ್ನು ಡಬ್ಬಿಗೆ ತುಂಬಿ ಕಸಕ್ಕೆ ಹಾಕಬೇಕು, ಸಿಂಕಿಗೆ ಸುರಿದರೆ ಚರಂಡಿ ಕಟ್ಟಿಕೊಳ್ಳುತ್ತದೆ. ಬೂದಿಯನ್ನು ಮುಚ್ಚಳವಿರುವ ಲೋಹದ ಪಾತ್ರೆಯಲ್ಲಿ, ಮನೆಯಿಂದ ದೂರ, ಕೆಲವು ದಿನ ಇಟ್ಟು ಪೂರ್ತಿ ಆರಿದ ಮೇಲೆ ಎಸೆಯಿರಿ. ಡ್ರಮ್ಮಿನಲ್ಲೇ ಬಿಟ್ಟ ಬೂದಿ ಗಾಳಿಯ ತೇವ ಹೀರಿ ಹಿಡಿದಿಟ್ಟು, ಉಕ್ಕಿಗೆ ಒಳಗಿನಿಂದ ತುಕ್ಕು ಹಿಡಿಸುತ್ತದೆ. ನಿಮ್ಮದರಲ್ಲಿ ಅಂಟು ಎರಡು ವರ್ಷ ಕೂತಿರುವುದರಿಂದ, ಶುಚಿ ಮಾಡಿದ ಮೇಲೆ ತಳವನ್ನು ಅಂಚಿನ ಸುತ್ತ ಸ್ಕ್ರೂಡ್ರೈವರ್‌ನ ಹಿಡಿಯಿಂದ ತಟ್ಟಿ ನೋಡಿ. ಖಣಖಣ ಎಂದರೆ ಇನ್ನೂ ಬಾಳಿಕೆಯಿದೆ. ಎಲ್ಲಾದರೂ ಸದ್ದು ಮಂಕಾಗಿ ತಗಡು ಒಳಗೆ ತಗ್ಗಿದರೆ, ಒಳಲೇಪವಿಲ್ಲದ ಹೊಸ ಡ್ರಮ್ ತಂದು ಹಳೆಯ ಬುಟ್ಟಿ, ಜಾಲರಿಗಳನ್ನು ಅದಕ್ಕೆ ಕೂರಿಸಿಕೊಳ್ಳಿ.