ಸಮುದ್ರದಲ್ಲಿ ಎಣ್ಣೆ ಬಾವಿ: ಕೊರೆಯುವುದು ಗೊತ್ತು, ನಿಲ್ಲಿಸುವುದು?

ತಂತ್ರಜ್ಞಾನ ಇಷ್ಟು ಮುಂದುವರಿದಿದೆಯಲ್ಲ, ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವುದರಿಂದ ಪರಿಸರಕ್ಕೆ, ಆರ್ಥಿಕತೆಗೆ ಇನ್ನೂ ಅಂಥ ಅಪಾಯ ಇದೆಯೇ ಎಂದು ಕೇಳಿದ್ದೀರಿ.

ನಾನು ಎಣ್ಣೆ ಕ್ಷೇತ್ರದ ಎಂಜಿನಿಯರ್ ಅಲ್ಲ. ದೊಡ್ಡ ಅಪಘಾತಗಳ ತನಿಖಾ ವರದಿ ಓದುವ ಹುಚ್ಚು ಇದೆ, ಅಷ್ಟೇ. ಓದಿ ಓದಿ ನನಗೆ ಅನಿಸಿದ್ದು ಇದು: ಕೊರೆಯುವ ತಂತ್ರ ದಾಪುಗಾಲು ಹಾಕಿದೆ, ನಿಲ್ಲಿಸುವ ತಂತ್ರ ಕುಂಟುತ್ತಾ ಬಂದಿದೆ. ನಷ್ಟ ತುಂಬಿಕೊಡುವ ವಿಚಾರವಂತೂ ಇನ್ನೂ ಹಿಂದೆಯೇ ಇದೆ.

1979ರ ಜೂನ್‌ನಲ್ಲಿ ಮೆಕ್ಸಿಕೋ ಕೊಲ್ಲಿಯಲ್ಲಿ ಇಕ್ಸ್‌ಟಾಕ್ ಎಂಬ ಬಾವಿ ಸಿಡಿಯಿತು. ಅಲ್ಲಿ ನೀರಿನ ಆಳ ಬರೀ 50 ಮೀಟರ್. ಬಾವಿಯೊಳಗೆ ಕಬ್ಬಿಣದ ಗುಂಡು, ಸೀಸದ ಗುಂಡು ತುಂಬಿ ನೋಡಿದರು. ಮೇಲಿಂದ ದೊಡ್ಡ ಉಕ್ಕಿನ ಟೋಪಿ ಕವುಚಿದರು. ಅದಕ್ಕೆ ಹೆಸರೇ ‘ಸೊಂಬ್ರೆರೋ’. ಕೊನೆಗೆ ಪಕ್ಕದಿಂದ ಬೇರೆ ಬಾವಿ ಕೊರೆದು ಇದನ್ನು ಮುಚ್ಚುವ ಹೊತ್ತಿಗೆ 1980ರ ಮಾರ್ಚ್ ಬಂದಿತ್ತು.

2010ರ ಏಪ್ರಿಲ್ 20ರಂದು ಅದೇ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ರಿಗ್ (ಬಾವಿ ಕೊರೆಯುವ ತೇಲುವ ಕಟ್ಟೆ) ಸ್ಫೋಟಿಸಿತು. 11 ಜನ ಸತ್ತರು. ಈ ಸಲ ನೀರಿನ ಆಳ ಸುಮಾರು 1,500 ಮೀಟರ್, ಮೂವತ್ತು ಪಟ್ಟು ಜಾಸ್ತಿ. ನಿಲ್ಲಿಸಲು ಏನು ಮಾಡಿದರು ಗೊತ್ತಾ? ಗಾಲ್ಫ್ ಚೆಂಡು, ಟೈರಿನ ಚೂರು ತುಂಬಿದರು. ಮತ್ತೆ ಟೋಪಿ ಕವುಚಿದರು. ಮತ್ತೆ ಪಕ್ಕದಿಂದ ಬಾವಿ ಕೊರೆಯಲು ಹೊರಟರು. ಅಲ್ಲೇ ಹೊಸ ಮುಚ್ಚಳ ಜೋಡಿಸಿ ಎಣ್ಣೆ ನಿಲ್ಲಿಸುವಷ್ಟರಲ್ಲಿ 87 ದಿನ ಕಳೆದಿತ್ತು. ಕೋರ್ಟ್ ಒಪ್ಪಿದ ಲೆಕ್ಕದಲ್ಲೇ 31.9 ಲಕ್ಷ ಬ್ಯಾರೆಲ್ ಎಣ್ಣೆ ಸಮುದ್ರ ಸೇರಿತ್ತು. ಅಂಥ ಮುಚ್ಚಳವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುವ ಪದ್ಧತಿ ಬಂದಿದ್ದು ಇದೆಲ್ಲ ಆದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತಾರಲ್ಲ, ಹಾಗೆ.

2010ರ ಅಪಘಾತ ಹೇಗಾಯಿತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮ್ಮ ‘ತಂತ್ರಜ್ಞಾನ’ದ ಮಾತಿಗೆ ಉತ್ತರ ಅಲ್ಲೇ ಇದೆ. ಕೆಳಗಿನ ಎಣ್ಣೆ, ಗ್ಯಾಸ್ ಮೇಲಕ್ಕೆ ನುಗ್ಗದಂತೆ ಬಾವಿಯಲ್ಲಿ ಭಾರವಾದ ಕೆಸರಿನಂಥ ದ್ರವ ತುಂಬಿರುತ್ತಾರೆ. ತಳದಲ್ಲಿ ಸಿಮೆಂಟ್ ಹಾಕಿ ಸೀಲ್ ಮಾಡುತ್ತಾರೆ. ಸೀಲ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಮೇಲಿನ ಒತ್ತಡ ಇಳಿಸಿ ನೋಡಬೇಕು. ಕೆಳಗಿನಿಂದ ಒತ್ತಡ ಏರದಿದ್ದರೆ ಸರಿ. ಆ ದಿನ ಒಂದು ಪೈಪಿನಲ್ಲಿ ಒತ್ತಡ 1,400 ಪಿಎಸ್‌ಐ ತೋರಿಸಿತು, ಇನ್ನೊಂದರಲ್ಲಿ ಸೊನ್ನೆ. ಎರಡೂ ಸೊನ್ನೆ ಇರಬೇಕಿತ್ತು. ಇದು ‘ಬ್ಲಾಡರ್ ಎಫೆಕ್ಟ್’, ಅಂದರೆ ಮೇಲಿನ ಭಾರದ ದ್ರವ ಒತ್ತುತ್ತಿರುವುದರಿಂದ ಹೀಗೆ ತೋರುತ್ತಿದೆ, ಚಿಂತೆ ಬೇಡ ಎಂಬ ವಿವರಣೆ ಬಂತು. ಅದನ್ನೇ ಒಪ್ಪಿಕೊಂಡು ಮುಂದೆ ಹೋದರು. ಕೆಲಸ ಆಗಲೇ ವಾರಗಟ್ಟಲೆ ತಡವಾಗಿತ್ತು. ರಿಗ್ಗಿನ ಬಾಡಿಗೆಯೇ ದಿನಕ್ಕೆ ಸುಮಾರು 5 ಲಕ್ಷ ಡಾಲರ್. ಗೇಜ್ ಸರಿಯಾಗಿಯೇ ಹೇಳಿತ್ತು, ಕೇಳುವ ವ್ಯವಧಾನ ಇರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಕೊನೆಯ ರಕ್ಷಣೆಯಾಗಿ ಸಮುದ್ರದ ತಳದಲ್ಲಿ, ಬಾವಿಯ ಬಾಯಿಯ ಮೇಲೆ ಬ್ಲೋಔಟ್ ಪ್ರಿವೆಂಟರ್ ಎಂಬ ಭಾರೀ ಯಂತ್ರ ಇತ್ತು. ಪೈಪನ್ನು ಕತ್ತರಿಸಿ ಬಾವಿ ಮುಚ್ಚುವುದು ಅದರ ಕೆಲಸ. ಆದರೆ ಒತ್ತಡಕ್ಕೆ ಪೈಪು ಬಾಗಿ ಮಧ್ಯದಿಂದ ಸರಿದಿತ್ತು. ಬ್ಲೇಡಿಗೆ ಪೂರ್ತಿ ಸಿಗಲೇ ಇಲ್ಲ.

ಸೋರಿದ ಎಣ್ಣೆ ಎಲ್ಲಿಗೆ ಹೋಯಿತು ಎಂದರೆ, ಒಂದಷ್ಟು ದಡಕ್ಕೆ ಬಂತು, ಹಕ್ಕಿಗಳ ರೆಕ್ಕೆಗೆ ಮೆತ್ತಿತು. ಫೋಟೋದಲ್ಲಿ ನಾವು ನೋಡಿದ್ದು ಅಷ್ಟೇ. ಎಣ್ಣೆಯನ್ನು ಚದುರಿಸಲು ಸುಮಾರು 70 ಲಕ್ಷ ಲೀಟರ್ ರಾಸಾಯನಿಕ ಸುರಿದರು. ಎಣ್ಣೆ ಕಣ್ಣಿಗೆ ಕಾಣದಾಯಿತು, ಇಲ್ಲವಾಗಲಿಲ್ಲ. ಆಳದ ಹವಳಗಳು ಸತ್ತವು. ಅಮೆರಿಕದ ಲೂಸಿಯಾನಾ ದಡದ ಬರಟೇರಿಯಾ ಕೊಲ್ಲಿಯ ಡಾಲ್ಫಿನ್‌ಗಳಿಗೆ ಶ್ವಾಸಕೋಶದ ಕಾಯಿಲೆ ಹತ್ತಿತು. ಇದಲ್ಲದೆ ಅಪಘಾತ ಏನೂ ಆಗದ ದಿನವೂ ಎಣ್ಣೆ ಜೊತೆ ಬಂದ ನೀರನ್ನು ಶುದ್ಧೀಕರಿಸಿ ಸಮುದ್ರಕ್ಕೆ ಬಿಡುತ್ತಾರೆ, ಅದರಲ್ಲಿ ಅಲ್ಪಸ್ವಲ್ಪ ಎಣ್ಣೆ ಉಳಿದೇ ಇರುತ್ತದೆ. ಹಾಗಂತ ಸಮುದ್ರದ ಎಣ್ಣೆಗೆಲ್ಲ ಬಾವಿಗಳೇ ಕಾರಣ ಅನ್ನುವುದೂ ತಪ್ಪು. ನೆಲದಿಂದ ಹರಿದು ಬರುವುದು, ಹಡಗುಗಳಿಂದ ಸೋರುವುದು, ತಳದಿಂದ ತಾನಾಗಿ ಜಿನುಗುವುದು ಕೂಡ ಸಾಕಷ್ಟಿದೆ.

ಈಗ ದುಡ್ಡಿನ ಮಾತು. ಆ ಬಾವಿ ಕೊರೆಸುತ್ತಿದ್ದ ಬಿಪಿ ಕಂಪನಿಗೆ ಈ ಅಪಘಾತದಿಂದ ಬಿದ್ದ ಹೊರೆ 6,500 ಕೋಟಿ ಡಾಲರಿಗೂ ಹೆಚ್ಚು. ಅದೇ ಹೊತ್ತಿಗೆ ಅಮೆರಿಕದ ಕಾನೂನಿನಲ್ಲಿ, ಶುಚಿ ಮಾಡುವ ಖರ್ಚು ಬಿಟ್ಟು ಉಳಿದ ನಷ್ಟಕ್ಕೆ ಕಂಪನಿ ಕೊಡಬೇಕಾಗಿದ್ದ ಗರಿಷ್ಠ ಮೊತ್ತ ಎಷ್ಟಿತ್ತು? 7.5 ಕೋಟಿ ಡಾಲರ್. ಆ ಮಿತಿಯ ಹಿಂದೆ ಅಡಗುವುದಿಲ್ಲ ಎಂದು ಬಿಪಿ ಹೇಳಿತು, ಕೊಡುವ ತಾಕತ್ತೂ ಅದಕ್ಕಿತ್ತು. ಸಣ್ಣ ಕಂಪನಿ ಆಗಿದ್ದರೆ? ದಿವಾಳಿ ಅಂತ ಕೈ ಎತ್ತಿದರೆ ಮುಗಿಯಿತು ಅಲ್ವಾ. ಇಕ್ಸ್‌ಟಾಕ್ ವಿಷಯದಲ್ಲಿ ಮೆಕ್ಸಿಕೋದ ಸರ್ಕಾರಿ ಕಂಪನಿ ಪೆಮೆಕ್ಸ್, ತಾನು ಸರ್ಕಾರದ ಸಂಸ್ಥೆ ಎಂಬ ರಕ್ಷಣೆ ತೋರಿಸಿ ಪರಿಹಾರದಿಂದ ಜಾರಿಕೊಂಡಿತು.

ನನಗೆ ಹೆಚ್ಚು ಕಾಡುವುದು ಮೊಂಟಾರಾ. 2009ರಲ್ಲಿ ಆಸ್ಟ್ರೇಲಿಯಾ ಕಡೆಯ ಟಿಮೋರ್ ಸಮುದ್ರದಲ್ಲಿ ಈ ಬಾವಿ 74 ದಿನ ಸೋರಿತು. ನೂರಾರು ಕಿಲೋಮೀಟರ್ ದೂರದಲ್ಲಿ, ಇಂಡೋನೇಷ್ಯಾದ ದಡದಲ್ಲಿ ಸಮುದ್ರಕಳೆ ಬೆಳೆದು ಬದುಕುತ್ತಿದ್ದವರ ಬೆಳೆ ನಾಶವಾಯಿತು. ಆ ಬಾವಿಯಿಂದ ಅವರಿಗೆ ಒಂದು ಕಾಸು ಲಾಭ ಇರಲಿಲ್ಲ. ಅವರು ಕೋರ್ಟಿಗೆ ಹೋಗಿ, 19.25 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಗಿದ್ದು 2022ರಲ್ಲಿ. ಹದಿಮೂರು ವರ್ಷ!

ಇನ್ನೊಂದು, ಕಣ್ಣಿಗೆ ಬೀಳದ ಅಪಾಯ: ಗುತ್ತಿಗೆ ಕೊಟ್ಟು ಹಣ ವಸೂಲಿ ಮಾಡುವ ಸರ್ಕಾರಿ ಇಲಾಖೆಯೇ ಸುರಕ್ಷತೆಯನ್ನೂ ತಪಾಸಣೆ ಮಾಡುವುದು. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ಎಣ್ಣೆ ತೆಗೆಯುವ ಕಟ್ಟೆಯಲ್ಲಿ 167 ಜನ ಸತ್ತ ಮೇಲೆ ಬ್ರಿಟನ್ ಸುರಕ್ಷತೆಯ ಹೊಣೆಯನ್ನು ಇಂಧನ ಇಲಾಖೆಯಿಂದ ತೆಗೆದು ಬೇರೆ ಸಂಸ್ಥೆಗೆ ಕೊಟ್ಟಿತು. ಅಮೆರಿಕ ಈ ಎರಡು ಕೆಲಸಗಳನ್ನು ಬೇರ್ಪಡಿಸಿದ್ದು 2010ರ ಅಪಘಾತದ ನಂತರ. ಪಕ್ಕದವರ ಪಾಠ ಕಲಿಯಲು ಇಪ್ಪತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು.

ಕೊರೆಯುವುದು ಮುಗಿದ ಬಾವಿಗಳೂ ಸುಮ್ನೆ ಇರುವುದಿಲ್ಲ. 2004ರಲ್ಲಿ ಐವಾನ್ ಚಂಡಮಾರುತದಿಂದ ಸಮುದ್ರದ ತಳ ಕುಸಿದು ಮೆಕ್ಸಿಕೋ ಕೊಲ್ಲಿಯಲ್ಲಿದ್ದ, ಟೇಲರ್ ಎನರ್ಜಿ ಎಂಬ ಅಮೆರಿಕದ ಕಂಪನಿಯ ಎಣ್ಣೆ ತೆಗೆಯುವ ಕಟ್ಟೆ ಉರುಳಿತು. ಬಾವಿಗಳು ಹೂಳಿನಡಿ ಹೂತುಹೋಗಿ ಎಣ್ಣೆ ಸೋರತೊಡಗಿತು. ಕಂಪನಿ 2008ರಲ್ಲಿ ತನ್ನ ಎಣ್ಣೆ ವ್ಯವಹಾರ ಮಾರಿತು. ಬಾವಿ ಮುಚ್ಚುವ ಕೆಲಸಕ್ಕೆಂದು ಸುಮಾರು 66 ಕೋಟಿ ಡಾಲರ್ ತೆಗೆದಿಟ್ಟಿತು, ಅಷ್ಟು ಮೆಚ್ಚಬೇಕು. ಆಮೇಲೆ 2016ರಲ್ಲಿ, ಅದರಲ್ಲಿ ಉಳಿದ ಹಣ ವಾಪಸ್ ಕೊಡಿ ಎಂದು ಸರ್ಕಾರದ ಮೇಲೆ ಕೇಸು ಹಾಕಿತು. ಎಣ್ಣೆ ಆಗಲೂ ಸೋರುತ್ತಲೇ ಇತ್ತು.